ಒಂದೇ ಕೋಟಿನ ಇಬ್ಬರು

"ಇನ್ನೂ ದೊಡ್ಡದು ಮಾಡೇ," ಎಂದರು ಪೊಲೀಸಮ್ಮ.

"ದೊಡ್ಡದು ಮಾಡಿದ್ರೆ ಮುಖ ಬರಲ್ಲ ಅತ್ತೆ, ಚೌಕ ಚೌಕ ಬರತ್ತೆ. ನೋಡಿ ಬೇಕಾದ್ರೆ, ಮೂಗಿನ ಜಾಗದಲ್ಲಿ ಇಟ್ಟಿಗೆ ಇಟ್ಟಂಗಿದೆ," ಎಂದಳು ಸೊಸೆ.

ಕಂಪ್ಯೂಟರಿನ ಪರದೆಯ ಮೇಲೆ ಸಿಸಿ ಕ್ಯಾಮೆರಾ ಹಿಡಿದ ಗೋದಾಮಿನ ಹಿಂಬಾಗಿಲು ಅಲುಗದೆ ನಿಂತಿತ್ತು. ಮೆಟ್ಟಿಲ ಮೇಲೆ ಒಬ್ಬ, ಬಾಗಿಲಿಗೆ ತಾಗಿಕೊಂಡು ಇನ್ನೊಬ್ಬ. ಇಬ್ಬರ ಮೈಮೇಲೂ ಇಸ್ತ್ರಿ ವಿಭಾಗದವರ ನೀಲಿ ಕೋಟು, ತಲೆಗೆ ಬಿಗಿದ ಬಟ್ಟೆ. ಮುಖ ಮಾತ್ರ ಇಬ್ಬರದೂ ಕಲಸಿದ ಸುಣ್ಣ.

ಸಿದ್ಧ ಉಡುಪಿನ ಕಾರ್ಖಾನೆಯ ಗೋದಾಮಿಗೆ ಬೆಂಕಿ ಬಿದ್ದು, ಅದನ್ನು ಕಾಯುತ್ತಿದ್ದ ಅಜ್ಜ ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ. "ಒಳಗೆ ಹೋದವನು ನಾನೇ, ಒಬ್ಬನೇ, ಆದರೆ ಬೆಂಕಿ ನನಗೆ ಗೊತ್ತಿಲ್ಲ" ಎಂದು ಹೇಳಿದ ಇಸ್ತ್ರಿ ಕೆಲಸದವನು ಲಾಕಪ್ಪಿನಲ್ಲಿದ್ದ.

ಒಬ್ಬನೇ ಎಂದ ಮಾತೇ ಅವನಿಗೆ ಮುಳುವಾಗಿತ್ತು. ಚಿತ್ರದಲ್ಲಿ ಇಬ್ಬರಿದ್ದಾರೆ. ಒಂದು ಮಾತು ಸುಳ್ಳಾದ ಮೇಲೆ ಉಳಿದ ಮಾತು ಯಾರು ಕೇಳುತ್ತಾರೆ? ಜೊತೆಗಿದ್ದವನ ಹೆಸರು ಹೇಳು ಎಂದು ಪೊಲೀಸರು ಕೇಳುತ್ತಲೇ ಇದ್ದರು, ಅವನು ತಲೆ ಬಗ್ಗಿಸಿ ಕೂತೇ ಇದ್ದ. ನಾಳೆ ಬೆಳಿಗ್ಗೆ ಕೋರ್ಟು. ಈ ಚಿತ್ರ ಹೀಗೇ ಮುಂದೆ ಹೋದರೆ ಅವನಿಗೆ ಜಾಮೀನಿಲ್ಲ ಎಂದು ವಕೀಲರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಅವನ ಅಕ್ಕ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಳು. ಅದೇ ಕಾರ್ಖಾನೆಯಲ್ಲಿ ಅಂಗಿಯ ಗುಂಡಿ ತೂತಿಗೆ ಕಾಜಾ ಹಾಕುವ ಕೆಲಸ ಅವಳದು, ಹಾಗಾಗಿ ಎಲ್ಲರಿಗೂ ಕಾಜಾ ಅಕ್ಕ. ಬೆಳಿಗ್ಗೆ ಬಂದವಳು ಕೊಟ್ಟ ನೀರನ್ನೂ ಕುಡಿದಿರಲಿಲ್ಲ.

"ಮುಖ ಕಾಣೋ ಹಂಗೆ ಮಾಡ್ಕೊಡು ತಾಯಿ. ಅಷ್ಟೇ ನಾನು ಕೇಳೋದು," ಎಂದಳು ಅವಳು.

ಸೊಸೆ ಪರದೆಯ ಮೇಲೆ ಹೊಸ ಪ್ರತಿ ತೆಗೆಯುವ ಕಿಟಕಿ ತೆರೆದಳು. ಮದುವೆ ವಿಡಿಯೊ ಜೋಡಿಸಿ ಕೊಡುವುದು ಅವಳ ಕಸುಬು. ಮನೆಯ ಹಿಂದಿನ ಕೋಣೆಯೇ ಅಂಗಡಿ. ಪೊಲೀಸಮ್ಮ ಪೊಲೀಸ್ ನೌಕರಿಯಿಂದ ನಿವೃತ್ತಿಯಾದ ಮೇಲೆ ಜನರ ತೊಂದರೆಗಳನ್ನು ಹುಡುಕಿ ಬಿಡಿಸಿಕೊಡುವುದನ್ನು ಕಸುಬು ಮಾಡಿಕೊಂಡಿದ್ದರು. ಅವರಿಗೆ ಮನೆಯ ಮುಂದಿನ ಕೋಣೆ. ನಡುವೆ ಅಡಿಗೆಮನೆ, ಅಲ್ಲಿ ಇಬ್ಬರಿಗೂ ದಿನಾ ಒಂದು ಸುತ್ತು ಮಾತು ಆಗದೆ ಒಲೆ ಹತ್ತುತ್ತಿರಲಿಲ್ಲ. ಆ ಮಾತು ಮುಗಿಯುವ ಮೊದಲೇ ಪೊಲೀಸಮ್ಮನ ಮಗ ಎಡ ಭುಜ ಸ್ವಲ್ಪ ಇಳಿಸಿಕೊಂಡು ಕೆಲಸಕ್ಕೆ ಹೊರಟುಬಿಡುತ್ತಿದ್ದ.

"ಅಂಕಿ ತುಂಬೋ ಮನೆ ಅಷ್ಟೊಂದು ಇದಾವಲ್ಲ, ಎಲ್ಲಾದಕ್ಕೂ ದೊಡ್ಡ ಅಂಕಿ ಹಾಕ್ಬಿಡು. ಚೆನ್ನಾಗಿ ಬರತ್ತೆ," ಎಂದರು ಪೊಲೀಸಮ್ಮ.

"ನೀವು ಸಾರಿಗೆ ಉಪ್ಪು ಹಾಕೋ ಲೆಕ್ಕ ಅದು ಅತ್ತೆ."

"ನನ್ನ ಸಾರಿಗೇನಾಗಿದೆ?"

"ಏನೂ ಆಗಿಲ್ಲ. ಎಲ್ಲಾ ದೊಡ್ಡದು ಹಾಕಿದ್ರೆ ಫೈಲು ದೊಡ್ಡದಾಗತ್ತೆ, ಚಿತ್ರ ಒಳ್ಳೇದಾಗಲ್ಲ. ಕರ್ಚೀಫನ್ನ ಎಳೆದು ಎಳೆದು ಹಾಸಿಗೆಗೆ ಹೊದಿಸಿದ್ರೆ ಅದು ಚಾದರ ಆಗತ್ತಾ?"

"ಹರಿಯತ್ತೆ," ಎಂದಳು ಕಾಜಾ ಅಕ್ಕ.

"ಹಾಂ, ಅಕ್ಕಂಗೆ ಗೊತ್ತು. ಬಟ್ಟೆ ಅಗಲ ಬೇರೆ, ಅದರಲ್ಲಿರೋ ನೂಲು ಬೇರೆ. ಚಿತ್ರದ ಅಳತೆ ಅನ್ನೋದು ಅಗಲ. ಒಂದು ಸೆಕೆಂಡಿನ ಚಿತ್ರಕ್ಕೆ ಎಷ್ಟು ನೂಲು ಹಾಕ್ತೀವಿ ಅನ್ನೋದು ಬಿಟ್‌ರೇಟ್. ಅಗಲ ಜಾಸ್ತಿ ಮಾಡಿ ನೂಲು ಕಡಿಮೆ ಹಾಕಿದ್ರೆ ಸೊಳ್ಳೆ ಪರದೆ ಬರತ್ತೆ. ಇದು ಹಂಗೇ ಆಗಿರೋದು. ಯಾರೋ ಇದನ್ನ ಆಗಲೇ ಒಂದು ಸಲ ನೇಯ್ದು ಕೊಟ್ಟಿದಾರೆ. ನೂಲು ಸಾಲದೆ ನೇಯ್ದಿದಾರೆ. ನಾನು ಈಗ ಎಷ್ಟು ಹಾಕಿದ್ರೂ ಅವರು ಕಳೆದದ್ದು ವಾಪಸ್ ಬರಲ್ಲ."

"ಮತ್ತೆ ವಕೀಲರು ಒಳ್ಳೇ ಪ್ರತಿ ತೆಗೆಸಿ ಅಂದ್ರಲ್ಲ."

"ವಕೀಲರಿಗೇನು, ಹೇಳಿದ್ರು. ಇರಿ, ಮೊದಲು ಸೆಕೆಂಡಿಗೆ ಎಷ್ಟು ಚಿತ್ರ ಇದೆ ನೋಡೋಣ. ಬಂದದ್ದು ಎಷ್ಟೋ ಹೋಗೋದೂ ಅಷ್ಟೇ ಇರಬೇಕು. ಅಲ್ಲಿ ತಪ್ಪಿದ್ರೆ ಎಲ್ಲಾ ತಪ್ಪಿದಂಗೆ."

ಅವಳು ಬಾಣದ ಗುಂಡಿ ಒತ್ತುತ್ತಾ ಒಂದೊಂದೇ ಚಿತ್ರ ಸರಿಸತೊಡಗಿದಳು. ಮೆಟ್ಟಿಲ ಮೇಲಿನವನು ಸ್ವಲ್ಪ ಮಾಸಿದ. ಬಾಗಿಲ ಹತ್ತಿರದವನು ಸ್ವಲ್ಪ ಗಟ್ಟಿಯಾದ.

ಪೊಲೀಸಮ್ಮ ಆ ಇಬ್ಬರನ್ನು ನೋಡುತ್ತಿರಲಿಲ್ಲ. ನೌಕರಿಯಲ್ಲಿದ್ದಾಗಿನಿಂದ ಅವರದು ಅದೇ ಅಭ್ಯಾಸ. ಎಲ್ಲರೂ ನೋಡುವ ಕಡೆ ಬಿಟ್ಟು ಮೂಲೆ ನೋಡುವುದು. ಚಿತ್ರದ ಮೂಲೆಯಲ್ಲಿ ಕ್ಯಾಮೆರಾದ ಗಡಿಯಾರ ಬಿಳಿ ಅಂಕಿಯಲ್ಲಿ ಅಚ್ಚಾಗಿತ್ತು.

"ಆ ಗಡಿಯಾರಕ್ಕೆ ಏನಾಗಿದೆ?"

"ಯಾವುದಕ್ಕೆ?"

"ಕೊನೇ ಅಂಕಿ ನೋಡು. ನಾಲ್ಕರ ಮೇಲೆ ಐದು ಕೂತಿದೆ."

ಸೊಸೆ ಮುಂದಕ್ಕೆ ಬಾಗಿದಳು. ಹೌದು, ನಾಲ್ಕೂ ಇತ್ತು, ಐದೂ ಇತ್ತು. ಒಂದರ ಬೆನ್ನ ಮೇಲೆ ಒಂದು, ಎರಡೂ ಅರೆಬರೆ.

"ಮನುಷ್ಯರು ಇಬ್ಬರಿರಬಹುದು, ಸರಿ. ಹೊತ್ತು ಹೆಂಗೆ ಎರಡಾಗತ್ತೆ?" ಎಂದರು ಪೊಲೀಸಮ್ಮ.

ಸೊಸೆ ಹಿಂದಕ್ಕೆ ಸರಿಸಿದಳು. ಅಂಕಿ ಶುದ್ಧ ನಾಲ್ಕಾಯಿತು; ಮೆಟ್ಟಿಲ ಮೇಲೆ ಒಬ್ಬನೇ ಇದ್ದ, ಬಾಗಿಲ ಹತ್ತಿರ ಯಾರೂ ಇರಲಿಲ್ಲ. ಮುಂದಕ್ಕೆ ಸರಿಸಿದಳು. ಅಂಕಿ ಐದಾಯಿತು, ಬಾಗಿಲ ಹತ್ತಿರ ಒಬ್ಬ, ಮೆಟ್ಟಿಲು ಖಾಲಿ. ನಡುವೆ ಮಾತ್ರ ಇಬ್ಬರು.

"ಅತ್ತೆ, ಬಾಗಿಲ ಹತ್ತಿರದವನ ಹೊಟ್ಟೆ ನೋಡಿ. ಹೊಟ್ಟೆಯಿಂದ ಬಾಗಿಲ ಹಿಡಿಕೆ ಕಾಣ್ತಿದೆ."

"ಗಾಜಿನ ಮನುಷ್ಯನಾ?"

"ಮನುಷ್ಯನೇ ಅಲ್ಲ. ಗೋದಾಮಿನ ಕ್ಯಾಮೆರಾ ಸೆಕೆಂಡಿಗೆ ಒಂದೇ ಚಿತ್ರ ಹಿಡಿಯೋ ಹಂಗೆ ಇಟ್ಟಿದಾರೆ, ಡಿಸ್ಕು ಬೇಗ ತುಂಬಬಾರದು ಅಂತ. ಅದನ್ನ ಯಾರೋ ಸೆಕೆಂಡಿಗೆ ಇಪ್ಪತ್ತೈದು ಮಾಡಿದಾರೆ. ಇಲ್ಲದ ಚಿತ್ರ ಎಲ್ಲಿಂದ ಬರತ್ತೆ? ಹಿಂದಿಂದೂ ಮುಂದಿಂದೂ ಕಲಸಿ ನಡುವಿಂದು ಹುಟ್ಟಿಸಬೇಕು. ಇವರಿಬ್ಬರದೂ ಎಡಗೈಯಲ್ಲೇ ಗಂಟು, ಇಬ್ಬರದೂ ಒಂದೇ ಥರ ಕಟ್ಟಿದ ತಲೆ. ನಾಲ್ಕನೇ ಸೆಕೆಂಡಲ್ಲಿ ಮೆಟ್ಟಿಲ ಮೇಲಿದ್ದೋರು ಐದನೇ ಸೆಕೆಂಡಲ್ಲಿ ಬಾಗಿಲ ಹತ್ರ ಇದಾರೆ, ಅಷ್ಟೇ ವಿಷಯ. ಪೊಲೀಸರು ಫೋಟೋ ತೆಗೆಸಿರೋದು ಈ ನಡುವಿಂದನ್ನ."

"ಹಂಗಾದ್ರೆ ಒಬ್ಬರೇ," ಎಂದಳು ಕಾಜಾ ಅಕ್ಕ. ಎದ್ದು ನಿಂತಿದ್ದಳು.

"ಒಬ್ಬರೇ ಅಕ್ಕ."

ಅವಳು ಮತ್ತೆ ಕೂತು, ಆಗ ಮೊದಲ ಸಲ ನೀರಿನ ಲೋಟ ಕೈಗೆ ತೆಗೆದುಕೊಂಡಳು. ಪೊಲೀಸಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿ, ಸೊಸೆಯ ಕಡೆ ತಿರುಗಿದರು.

"ಇದನ್ನ ಕಲಸಿದ್ದು ಯಾರು?"

ಸೊಸೆ ಉತ್ತರ ಹೇಳಲು ಹಿಂದೆಮುಂದೆ ನೋಡಿದಳು. "ಈ ಊರಲ್ಲಿ ಸಿಸಿ ಕ್ಯಾಮೆರಾ ಚಿತ್ರಕ್ಕೂ ಹಾಲು ಹಾಕೋರು ಒಬ್ಬರೇ. ನನಗೆ ಕೆಲಸ ಕಲಿಸಿದ ಮೇಷ್ಟ್ರು."

"ಹಾಲು?"

"ಅವರ ಮಾತು ಅದು. ಚಿತ್ರ ಹಾಲಿನಂಗೆ ಹರೀಬೇಕು, ಕಲ್ಲು ಉರುಳಿದಂಗೆ ಅಲ್ಲ, ಅಂತ. ಎಲ್ಲಾ ಅಂಕಿಗಳನ್ನೂ ಒಂದು ಸಲ ಹೊಂದಿಸಿ ಅದಕ್ಕೆ ಹಾಲು ಅಂತಲೇ ಹೆಸರಿಟ್ಟು ಕಂಪ್ಯೂಟರಲ್ಲಿ ಇಟ್ಕೊಂಡಿದಾರೆ. ಏನೇ ಬರಲಿ, ಅದನ್ನೇ ಒತ್ತೋದು. ಮದುಮಗಳು ನಿಧಾನಕ್ಕೆ ನಡೆದು ಬರೋದಕ್ಕೆ ಚೆನ್ನಾಗಿರತ್ತೆ. ನಾನೂ ಅದನ್ನೇ ಒತ್ತುತಿದ್ದೆ. ಒಂದು ಮದುವೇಲಿ ಮದುಮಗಳ ಅತ್ತಿಗೆ ಕುಣಿಯೋವಾಗ ನಾಲ್ಕು ಕೈ ಬಂತು. ಆವತ್ತು ಬಿಟ್ಟೆ."

"ಅತ್ತಿಗೆ ಏನಂದಳು?"

"ಕೈ ನಾಲ್ಕಾದ್ರೂ ಬಳೆ ಎಲ್ಲಾದರಲ್ಲೂ ಇದೆ ತಾನೇ ಅಂತ ಕೇಳಿದಳು."

ಪೊಲೀಸಮ್ಮ ನಗಲಿಲ್ಲ. ಚಪ್ಪಲಿ ಹುಡುಕುತ್ತಿದ್ದರು. "ಗಾಡಿ ತೆಗಿ. ಮೂಲ ಚಿತ್ರ ಬೇಕು ನಮಗೆ. ಕಾರ್ಖಾನೆಯ ಡಿಸ್ಕಲ್ಲಿ ಅಳಿಸಿ ಹೋಗಿದೆ ಅಂತ ಪೊಲೀಸರೇ ಹೇಳಿದ್ರು. ಮೇಷ್ಟ್ರ ಹತ್ರ ಇರಬೇಕು."

"ನಾನೂ ಬರ್ತೀನಿ," ಎಂದಳು ಕಾಜಾ ಅಕ್ಕ.

"ನೀನು ಇಲ್ಲೇ ಇರು. ಫೋನು ಕೈಯಲ್ಲಿಟ್ಕೊ. ಅನ್ನ ಇದೆ, ಉಣ್ಣು. ಸಾರಿನ ಬಗ್ಗೆ ಇವಳ ಮಾತು ಕೇಳಬೇಡ."

ದಾರಿಯಲ್ಲಿ ಸೊಸೆ ಗಾಡಿಯನ್ನು ಎಂದಿಗಿಂತ ನಿಧಾನವಾಗಿ ಓಡಿಸಿದಳು. ಮಧ್ಯಾಹ್ನದ ಬಿಸಿಲಿಗೆ ಅಂಗಡಿಗಳವರು ಅರ್ಧ ಕಣ್ಣು ಮುಚ್ಚಿ ಕೂತಿದ್ದರು.

"ಅವರು ನನಗೆ ಕೈ ಹಿಡಿದು ಕಲಿಸಿದೋರು ಅತ್ತೆ. ಜೋರು ಮಾಡಬೇಡಿ," ಎಂದಳು.

"ನಾನು ಯಾವತ್ತು ಜೋರು ಮಾಡಿದೀನಿ?"

"ನಿಮಗೆ ಹೆದರಿ ಹಾಲಿನವನು ಈಗಲೂ ಹಿಂದಿನ ಬಾಗಿಲಿಗೇ ಬರ್ತಾನೆ."

ಮೇಷ್ಟ್ರ ಸ್ಟುಡಿಯೊ ಒಂದು ಉದ್ದನೆಯ ಕೋಣೆ. ಮುಂದೆ ಫೋಟೋ ಹಿಡಿಯುವ ಜಾಗ. ಗೋಡೆಗೆ ಬಣ್ಣ ಹಚ್ಚಿದ ಸರೋವರ, ಅದರಲ್ಲಿ ಯಾವಾಗಲೂ ಒಂದೇ ಕಡೆ ಮುಖ ಮಾಡಿದ ಎರಡು ಬಾತು. ಹಿಂದೆ ಮರದ ತಡಿಕೆಯ ಆಚೆ ಕಂಪ್ಯೂಟರು, ಅದಕ್ಕೆ ಹೂವಿನ ಬಟ್ಟೆಯ ಹೊದಿಕೆ. ಮೇಷ್ಟ್ರು ಒಣಗಿದ ಮೈಯವರು, ಕನ್ನಡಕ ಹಣೆಯ ಮೇಲೆ, ಬೆರಳ ತುದಿಗಳು ಮಾತ್ರ ಮೃದು.

"ಬಾ ಮಗಳೇ. ಏನು, ಅತ್ತೆಯವರನ್ನೂ ಕರ್ಕೊಂಡು ಬಂದಿದೀಯ? ಕುಟುಂಬದ ಫೋಟೋನಾ?" ಎಂದರು.

"ಫೋಟೋ ಅಲ್ಲ ಮೇಷ್ಟ್ರೇ," ಎಂದರು ಪೊಲೀಸಮ್ಮ, ಮತ್ತು ಪೊಲೀಸರು ತೆಗೆಸಿದ್ದ ಚಿತ್ರದ ನಕಲನ್ನು ಮೇಜಿನ ಮೇಲೆ ಇಟ್ಟರು. "ಇದು ನಿಮ್ಮ ಕೈಕೆಲಸವಾ?"

ಮೇಷ್ಟ್ರು ಕನ್ನಡಕ ಇಳಿಸಿ ನೋಡಿದರು. ಹೆಚ್ಚು ಹೊತ್ತು ನೋಡಲಿಲ್ಲ. "ಎಷ್ಟೋ ಬರತ್ತೆ, ಎಷ್ಟೋ ಹೋಗತ್ತೆ."

"ಹಾಲು ಹಾಕಿದೀರ ಮೇಷ್ಟ್ರೇ," ಎಂದಳು ಸೊಸೆ. ತಗ್ಗಿದ ದನಿಯಲ್ಲಿಯೇ ಹೇಳಿದಳು.

ಅವರ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ತನ್ನ ಕೈಯನ್ನು ಶಿಷ್ಯೆ ಗುರುತು ಹಿಡಿದಳಲ್ಲ ಎಂದು. ಆಮೇಲೆ ಅದು ಇಳಿಯಿತು.

"ಕಾರ್ಖಾನೆಯವರು ತಂದ್ರು. ತಂದಾಗ ಕಲ್ಲು ಉರುಳಿದಂಗಿತ್ತು, ದಡ್ ದಡ್ ಅಂತ. ಪೊಲೀಸ್ರಿಗೆ ಕೊಡಬೇಕು, ನೋಡೋ ಹಂಗೆ ಮಾಡ್ಕೊಡಿ ಅಂದ್ರು. ಮಾಡ್ಕೊಟ್ಟೆ."

"ಕಾರ್ಖಾನೆಯವರು ಅಂದ್ರೆ ಯಾರು?"

"ಕಾರ್ಖಾನೆಯವರು ಅಂದ್ರೆ ಕಾರ್ಖಾನೆಯವರು."

"ಮಾಲೀಕರಾ? ಮ್ಯಾನೇಜರಾ?"

"ತಂದುಕೊಟ್ಟೋರ ಹೆಸರು ನಾನು ಕೇಳಲ್ಲ."

ಪೊಲೀಸಮ್ಮ ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು. ಬಿಟ್ಟದ್ದನ್ನು ಅವರು ಮರೆಯುವವರಲ್ಲ. ಕುರ್ಚಿ ಎಳೆದುಕೊಂಡರು.

"ಮೇಷ್ಟ್ರೇ, ನಿಮ್ಮ ಹಾಲಿನಲ್ಲಿ ಒಬ್ಬ ಮನುಷ್ಯ ಹೆಚ್ಚಿಗೆ ಹುಟ್ಟಿದಾನೆ. ಆ ಹುಟ್ಟದೇ ಇರೋನ ಹೆಸರು ಹೇಳು ಅಂತ ಲಾಕಪ್ಪಲ್ಲಿ ಇರೋನನ್ನ ಕೇಳ್ತಿದಾರೆ. ಅವನು ಎಲ್ಲಿಂದ ತಂದು ಹೇಳ್ತಾನೆ?"

ಮೇಷ್ಟ್ರು ಮೇಜಿನ ಮೇಲಿನ ಚಿತ್ರವನ್ನು ಮತ್ತೆ ಎತ್ತಿಕೊಂಡರು. ಈ ಸಲ ನಿಧಾನವಾಗಿ ನೋಡಿದರು. ಬಾಗಿಲ ಹಿಡಿಕೆಯ ಮೇಲೆ ಅವರ ಬೆರಳು ನಿಂತಿತು.

"ಅಭ್ಯಾಸ. ಕೈ ತಾನಾಗಿ ಹೋಗತ್ತೆ ಅಲ್ಲಿಗೆ."

"ಅದನ್ನೇ ನಾಳೆ ಕೋರ್ಟಲ್ಲಿ ಹೇಳಿ. ಇನ್ನೇನೂ ಬೇಡ."

"ಹೇಳಿದ ಮೇಲೆ? ಇದ್ದೋನನ್ನ ಇಬ್ಬರು ಮಾಡಿದ ಸ್ಟುಡಿಯೊ ಅಂತ ಊರೆಲ್ಲಾ ಆಡ್ಕೊಳ್ಳತ್ತೆ. ಈ ವಯಸ್ಸಲ್ಲಿ ನನಗೆ ಅದು ಬೇಕಾಗಿಲ್ಲ ತಾಯಿ."

"ಅವನಿಗೆ ಲಾಕಪ್ಪು ಬೇಕಾಗಿತ್ತಾ?"

"ನನ್ನ ಹತ್ರ ಏನೂ ಇಲ್ಲ. ಕೊಟ್ಟಿದ್ದನ್ನ ಮಾಡಿ ವಾಪಸ್ ಕೊಟ್ಟೆ."

"ಮೂಲ ಇದೆ. ಮೂಲ ಅಳಿಸಿದೋನು ತಾಯಿ ಹೆಸರು ಮರೆತೋನು ಅಂತ ಬೈತಿದ್ರಿ ನೀವು. ಒಂದು ಸಲ ನಾನು ಅಳಿಸಿದ್ದಕ್ಕೆ ವಾರ ಮಾತಾಡಿಸಲಿಲ್ಲ. ನಿಮ್ಮ ಹತ್ರ ಇದ್ದೇ ಇರತ್ತೆ," ಎಂದಳು ಸೊಸೆ.

ಮೇಷ್ಟ್ರ ಕಣ್ಣು ಕಬ್ಬಿಣದ ಬೀರುವಿನ ಕಡೆ ಹೋಗಿ ಬಂತು. ಹೋಗಿ ಬಂದದ್ದನ್ನು ಪೊಲೀಸಮ್ಮ ನೋಡಿದರು. ಅವರು ನೋಡಿದ್ದು ಮೇಷ್ಟ್ರಿಗೂ ತಿಳಿಯಿತು.

"ನಾನು ಕೂತ್ಕೊಂಡೆ ಅಂದ್ರೆ ಏಳೋದು ನಿಧಾನ ಮೇಷ್ಟ್ರೇ, ಮಂಡಿ ನೋವು. ನೀವು ಅಂಗಡಿ ಮುಚ್ಚೋವರೆಗೂ ಇರ್ತೀನಿ. ಬೆಳಿಗ್ಗೆ ತೆಗೆಯೋಕೆ ಬಂದಾಗಲೂ ಇರ್ತೀನಿ. ನನಗೇನೂ ಅವಸರ ಇಲ್ಲ, ಅವಸರ ಇರೋದು ಆ ಹುಡುಗನಿಗೆ."

ಹೊರಗೆ ಯಾರೋ ಗಿರಾಕಿ ಇಣುಕಿ ನೋಡಿ, ಪೊಲೀಸಮ್ಮ ಕೂತ ಭಂಗಿ ನೋಡಿ, ಆಮೇಲೆ ಬರುತ್ತೇನೆ ಎಂದು ಹೋದ. ಇನ್ನೊಬ್ಬಳು ಬಂದಳು, ಅವಳೂ ಹೋದಳು. ಮೇಷ್ಟ್ರು ಬಾತುಗಳನ್ನು ನೋಡುತ್ತಾ ಕೂತಿದ್ದರು.

ಸೊಸೆ ಎದ್ದು ಕಂಪ್ಯೂಟರಿನ ಹೂವಿನ ಹೊದಿಕೆಯನ್ನು ತೆಗೆದು, ಅವರು ಕಲಿಸಿದ್ದ ಹಾಗೆಯೇ ಒಳಮಡಿಕೆ ಮಾಡಿ ಪಕ್ಕಕ್ಕಿಟ್ಟಳು. ಆ ಮಡಿಕೆಯನ್ನು ನೋಡಿ ಮೇಷ್ಟ್ರು ಎದ್ದರು. ಬೀರುವಿನ ಬೀಗದ ಕೈ ಅವರ ಸೊಂಟದಲ್ಲೇ ಇತ್ತು.

"ನಿನಗೆ ಕೊಡ್ತಿರೋದು," ಎಂದರು ಡಿಸ್ಕನ್ನು ಅವಳ ಕೈಗಿಡುತ್ತಾ. "ಪೊಲೀಸಮ್ಮಂಗಲ್ಲ."

"ಯಾರಿಗೆ ಕೊಟ್ಟರೂ ಕಾಣೋದು ಅದೇ," ಎಂದರು ಪೊಲೀಸಮ್ಮ.

ಮೂಲ ತೆರೆದುಕೊಂಡಿತು. ಮೇಷ್ಟ್ರು ಹೇಳಿದ್ದು ನಿಜ. ಕಲ್ಲು ಉರುಳಿದ ಹಾಗೆಯೇ ಇತ್ತು. ಮೆಟ್ಟಿಲ ಕೆಳಗೆ ಒಬ್ಬರು. ದಡ್, ಮೆಟ್ಟಿಲ ಮೇಲೆ. ದಡ್, ಬಾಗಿಲ ಹತ್ತಿರ. ಎಲ್ಲಿಯೂ ಇಬ್ಬರಿರಲಿಲ್ಲ. ಆದರೆ ಒಂದೊಂದು ಚಿತ್ರವೂ ಚಾಕುವಿನಲ್ಲಿ ಕೊಯ್ದ ಹಾಗೆ ಚೊಕ್ಕ. ಡಿಸ್ಕು ಉಳಿಸಬೇಕೆಂದು ಚಿತ್ರಗಳ ಎಣಿಕೆಯನ್ನು ಇಳಿಸಿದ್ದರೇ ಹೊರತು ಒಂದೊಂದರ ನೂಲು ಇಳಿಸಿರಲಿಲ್ಲ. ಕೋಟಿನ ಗುಂಡಿ ಎಣಿಸಬಹುದಿತ್ತು.

"ಈಗ ಹೇಳು, ಕೋರ್ಟಿಗೆ ಹೆಂಗೆ ತೆಗೀತೀಯ?"

"ಅಳತೆ ಬಂದಷ್ಟೇ. ಸೆಕೆಂಡಿಗೆ ಒಂದು ಬಂದಿದೆ, ಒಂದೇ ಹೋಗತ್ತೆ. ದಡ್ ಅನ್ನಲಿ, ಪರವಾಗಿಲ್ಲ. ನೂಲು ಧಾರಾಳವಾಗಿ ಹಾಕ್ತೀನಿ, ಎರಡು ಸಲ ಓದಿ ಆಮೇಲೆ ಬರಿ ಅಂತ ಕಂಪ್ಯೂಟರಿಗೆ ಹೇಳ್ತೀನಿ, ಆಗ ಎಲ್ಲಿ ಎಷ್ಟು ಬೇಕೋ ಅಲ್ಲಿ ಅಷ್ಟು ಹಾಕತ್ತೆ. ಚೂಪು ಮಾಡೋದು, ಬಣ್ಣ ಹೊಳೆಸೋದು, ಯಾವುದೂ ಇಲ್ಲ. ಜೊತೆಗೆ ಮೂಲವನ್ನ ಮುಟ್ಟದೆ ಹಾಗೇ ಇನ್ನೊಂದು ಡಿಸ್ಕಿಗೆ ಹಾಕ್ಕೊಡ್ತೀನಿ. ನೋಡೋಕೆ ಒಂದು, ನಂಬೋಕೆ ಒಂದು."

ಮೇಷ್ಟ್ರು ಹಿಂದೆ ನಿಂತು ಕೇಳುತ್ತಿದ್ದರು. "ನಾನು ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿ ಕಲ್ತಿದೀಯ," ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ.

ಸೊಸೆ ಮುಂದಿನ ಚಿತ್ರಕ್ಕೆ ಸರಿಸಿದಳು. ಬಾಗಿಲ ಹತ್ತಿರ ನಿಂತವರು ಒಳಗೆ ಕಾಲಿಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದ್ದರು. ಮೇಷ್ಟ್ರ ಪ್ರತಿಯಲ್ಲಿ ಈ ಮುಖ ಕಲಸಿದ ಸುಣ್ಣವಾಗಿತ್ತು. ಇಲ್ಲಿ ಅದಕ್ಕೆ ಹುಬ್ಬಿತ್ತು, ಮೂಗಿತ್ತು, ತಲೆಬಟ್ಟೆಯ ಅಂಚಿನಲ್ಲಿ ಜಾರಿದ ಉದ್ದ ಕೂದಲಿನ ಒಂದು ಎಳೆ ಇತ್ತು.

ಸೊಸೆಯ ಕೈ ಮೌಸಿನ ಮೇಲೆ ನಿಂತಿತು.

ಅದು ಇಸ್ತ್ರಿಯವನಲ್ಲ. ತಮ್ಮನ ಕೋಟು ತೊಟ್ಟ ಕಾಜಾ ಅಕ್ಕ.

"ಅತ್ತೆ, ಇವರು ನಮ್ಮ ಮನೇಲಿ ಕೂತಿದಾರೆ."

"ಬೆಳಿಗ್ಗೆಯಿಂದ ಆಕೆ ಒಂದು ಸಲವೂ 'ಅವನು' ಅನ್ನಲಿಲ್ಲ. ಇಬ್ಬರಲ್ಲ ಅಂತ ಗೊತ್ತಾದಾಗ ನನ್ನ ತಮ್ಮ ಒಬ್ಬನೇ ಅನ್ನಬೇಕಾದೋಳು, ಒಬ್ಬರೇ ಅಂದ್ಲು. ನೀನೂ ಒಬ್ಬರೇ ಅಂದೆ, ನೀನು ಸುಮ್ಮನೆ ಅಂದೆ. ಆಕೆ ಸುಮ್ಮನೆ ಅನ್ನಲಿಲ್ಲ," ಎಂದರು ಪೊಲೀಸಮ್ಮ.

ಠಾಣೆಯಲ್ಲಿ ಈ ಚಿತ್ರ ನೋಡಿದಾಗ ಬೇರೆ ಯಾರಿಗೂ ಕಾಣದ ಅಕ್ಕ ತಮ್ಮನಿಗೆ ಕಂಡಿದ್ದಳು. ನಡಿಗೆಯಿಂದಲೋ, ಗಂಟು ಹಿಡಿದ ಕೈಯಿಂದಲೋ. ಅದಕ್ಕೇ ನಾನೇ ಎಂದಿದ್ದ. ಈಗ ಈ ಪ್ರತಿ ನಾಳೆ ಕೋರ್ಟಿಗೆ ಹೋದರೆ ತಮ್ಮ ಲಾಕಪ್ಪಿನಿಂದ ಹೊರಗೆ ಬರುತ್ತಾನೆ, ಅದೇ ಬಾಗಿಲಿನಿಂದ ಅಕ್ಕ ಒಳಗೆ ಹೋಗುತ್ತಾಳೆ. ಬಿಡಿಸಿಕೊಡಿ ಎಂದು ಬಂದವಳನ್ನೇ ಹಿಡಿದುಕೊಟ್ಟ ಹಾಗಾಗುತ್ತದೆ.

ಪೊಲೀಸಮ್ಮ ಫೋನು ತೆಗೆದರು. ಮೊದಲ ಗಂಟೆಗೇ ಆ ಕಡೆಯಿಂದ ಉತ್ತರ ಬಂತು.

"ಕಂಡಿತಾ ಅಮ್ಮಾ?"

"ಕಂಡಿತು."

"ನನ್ನ ಮುಖಾನಾ?"

"ನಿನ್ನದೇ. ಮೊದಲೇ ಯಾಕೆ ಹೇಳಲಿಲ್ಲ?"

"ಠಾಣೆಗೆ ಹೋಗಿ ಹೇಳಿದೆ ಅಮ್ಮಾ, ಒಳಗೆ ಹೋದೋಳು ನಾನು ಅಂತ. ತಮ್ಮನ್ನ ಬಿಡಿಸೋಕೆ ನಾಟಕ ಆಡ್ತಿದಾಳೆ ಅಂತ ಬೈದು ಕಳಿಸಿದ್ರು. ನಿಮಗೂ ಬಾಯಲ್ಲಿ ಹೇಳಿದ್ರೆ ನಂಬ್ತಿದ್ರೋ ಇಲ್ಲವೋ. ಕಣ್ಣಾರೆ ನೋಡಿ ಅಂತ ಸುಮ್ಮನಿದ್ದೆ."

"ಯಾಕೆ ಹೋದೆ ಅಲ್ಲಿಗೆ?"

"ಅಜ್ಜನಿಗೆ ಊಟದ ಗಂಟು ಕೊಡೋಕೆ. ಹೊಲಿಗೆಯವರು ಗೋದಾಮಿಗೆ ಹೋಗಬಾರದು ಅಂತ ಕಾರ್ಖಾನೇಲಿ ಕಟ್ಟಪ್ಪಣೆ. ಇಸ್ತ್ರಿಯವರಿಗೆ ಅಡ್ಡಿಯಿಲ್ಲ. ಅದಕ್ಕೆ ಗೂಟದ ಮೇಲಿದ್ದ ತಮ್ಮನ ಕೋಟು ಹಾಕ್ಕೊಂಡೆ."

"ಬೆಂಕಿ?"

"ನನ್ನ ಕೈಯಿಂದಲ್ಲ. ಅಮ್ಮಾ, ನಾನು ಬಾಗಿಲು ತಟ್ಟಲೇ ಇಲ್ಲ. ಮೆಟ್ಟಿಲು ಹತ್ತೋದ್ರೊಳಗೆ ಒಳಗಿಂದ ಅಗುಳಿ ತೆಗೆದ್ರು. ಅಜ್ಜ ಅಂದ್ಕೊಂಡು ಒಳಗೆ ಹೋದೆ. ಕತ್ತಲು. ಕಾಲಿಗೆ ಏನೋ ತೊಡರಿತು, ಬಗ್ಗಿ ಮುಟ್ಟಿದ್ರೆ ಅಜ್ಜ. ಆಗಲೇ ನೆಲದ ಮೇಲೆ ಬಿದ್ದಿದ್ರು, ಹೊಗೆ ಇನ್ನೂ ಹುಟ್ಟೇ ಇರಲಿಲ್ಲ. ಹಿಂದೆ ಮತ್ತೆ ಅಗುಳಿ ಬಿದ್ದ ಸದ್ದಾಯ್ತು. ನಾನು ಮುಂದಿನ ಬಾಗಿಲಿಗೆ ಓಡಿದೆ, ಜನ ಕರೆಯೋಕೆ. ಜನ ಬರೋದ್ರೊಳಗೆ ಉರೀತಿತ್ತು."

ಪೊಲೀಸಮ್ಮ ಫೋನಿನ ದನಿ ಏರಿಸಿದರು.

"ನನ್ನ ಮುಖಕ್ಕಲ್ಲ ಅಮ್ಮಾ ನಾನು ಬಂದಿದ್ದು. ನನ್ನದು ಕಂಡಿದೆ ಅಂದ್ರೆ ಬಾಗಿಲು ತೆಗೆದೋರದೂ ಕಾಣಬೇಕು. ನೋಡಿ," ಎಂದಳು ಕಾಜಾ ಅಕ್ಕ.

ಫೋನಿನ ದನಿ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತ್ತು. ಸೊಸೆ ಆಗಲೇ ಮುಂದಿನ ಚಿತ್ರಕ್ಕೆ ಹೋಗಿದ್ದಳು. ಬಾಗಿಲು ತೆರೆದಿತ್ತು. ಕಾಜಾ ಅಕ್ಕ ಅರ್ಧ ಒಳಗಿದ್ದಳು. ಅವಳ ಆಚೆ ಬಾಗಿಲ ಸಂದಿಯಲ್ಲಿ ಕಪ್ಪು.

"ಮೇಷ್ಟ್ರ ಪ್ರತಿಯಲ್ಲ ಇದು," ಎಂದಳು ಸೊಸೆ ತನಗೇ ಹೇಳಿಕೊಳ್ಳುವ ಹಾಗೆ. "ನೂಲು ಸಾಲದಿದ್ದಾಗ ಕಂಪ್ಯೂಟರು ಮೊದಲು ಕತ್ತಲಲ್ಲಿ ಉಳಿತಾಯ ಮಾಡತ್ತೆ, ಅಲ್ಲಿ ಯಾರು ನೋಡ್ತಾರೆ ಅಂತ. ಅದರಲ್ಲಿ ಈ ಜಾಗ ಬರೀ ಡಾಂಬರು. ಇದರಲ್ಲಿ ಏನೋ ಇದೆ. ಬೆಳಕು ಸ್ವಲ್ಪ ಏರಿಸಿದ್ರೆ..."

"ಅದೊಂದು ಬೇಡ ಮಗಳೇ," ಎಂದರು ಮೇಷ್ಟ್ರು.

ಅವರು ಗೋಡೆಯ ಕಡೆ ಸರಿದಿದ್ದರು. ಕೈ ಕರೆಂಟಿನ ದೊಡ್ಡ ಸ್ವಿಚ್ಚಿನ ಮೇಲಿತ್ತು. ಮಂಡಿ ನೋವಿನ ಪೊಲೀಸಮ್ಮ ಕುರ್ಚಿಯಿಂದ ಎದ್ದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಮೇಷ್ಟ್ರ ಮಣಿಕಟ್ಟು ಅವರ ಮುಷ್ಟಿಯಲ್ಲಿ ಇದ್ದದ್ದು.

"ಅಭ್ಯಾಸ ಅಂದ್ರಿ. ನಿಮ್ಮ ಕೈ ತಾನಾಗಿ ಹೋಗಿದ್ದಲ್ಲ ಅಲ್ಲವಾ? ನೋಡಿದೀರ ನೀವು ಅದನ್ನ," ಎಂದರು ಪೊಲೀಸಮ್ಮ.

"ನೋಡಿದೆ."

"ನೋಡಿ, ಮುಚ್ಚೋಕೆ ಹಾಲು ಹೊಯ್ದ್ರಿ."

"ಹೊಯ್ದೆ. ಒಳ್ಳೇದಕ್ಕೇ ಹೊಯ್ದೆ. ಅದರಿಂದ ಇಲ್ಲದ ಒಬ್ಬ ಹುಟ್ಕೊಳ್ತಾನೆ ಅಂತ ನನಗೆ ಹೊಳೀಲಿಲ್ಲ." ಮೇಷ್ಟ್ರು ಕೈ ಬಿಡಿಸಿಕೊಳ್ಳಲು ಹೋಗಲಿಲ್ಲ. "ತಾಯಿ, ಕಾಲಿಗೆ ಬೀಳ್ತೀನಿ. ನಿಮ್ಮ ಸೊಸೆನ ಒಂದು ನಿಮಿಷ ಆಚೆ ಕಳಿಸಿ. ನೀವೊಬ್ಬರೇ ನೋಡಿ. ಆಮೇಲೆ ಏನು ಮಾಡಬೇಕೋ ನೀವೇ ಹೇಳಿ."

"ಅವಳ್ಯಾಕೆ ಆಚೆ ಹೋಗಬೇಕು?"

ಸೊಸೆ ತಿರುಗಿ ಮೇಷ್ಟ್ರ ಮುಖ ನೋಡಿದಳು. ಕೈ ಹಿಡಿದು ಕಲಿಸಿದವರ ಮುಖ. ಅದರಲ್ಲಿ ಮೋಸ ಕಾಣಲಿಲ್ಲ, ಮರುಕ ಕಂಡಿತು. ಆ ಮರುಕ ತನ್ನ ಮೇಲಿನದು ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಫೋನಿನಲ್ಲಿ ಕಾಜಾ ಅಕ್ಕ ಇನ್ನೂ ಇದ್ದಳು. "ಅಮ್ಮಾ? ಇದೀರಾ?"

"ಇದೀವಿ," ಎಂದರು ಪೊಲೀಸಮ್ಮ. "ನಿನ್ನ ತಮ್ಮನೂ ನೀನೂ ನಾಳೆ ಒಟ್ಟಿಗೇ ಮನೆಗೆ ಹೋಗಬೇಕು. ಅದಕ್ಕೆ ಏನು ಬೇಕೋ ಅದು ಆಗತ್ತೆ." ಫೋನು ಕೆಳಗಿಟ್ಟರು. "ನೀನು ಆಚೆ ಹೋಗ್ತೀಯೇನೇ?"

"ಇಲ್ಲ ಅತ್ತೆ."

"ಹಂಗಾದ್ರೆ ಕೆಲಸ ಮಾಡು."

"ಬಿಟ್‌ರೇಟ್ ಎಷ್ಟಿಡಲಿ?"

"ಎಷ್ಟು ಮೇಲೆ ಹೋಗತ್ತೋ ಅಷ್ಟು."

ಅವಳು ಅಂಕಿಯನ್ನು ತುದಿಗೆ ಒಯ್ದಳು. ಬಾಗಿಲ ಸಂದಿಯ ಕಪ್ಪನ್ನು ಮಾತ್ರ ಆರಿಸಿಕೊಂಡು ಬೆಳಕನ್ನು ಕೂದಲೆಳೆಯಷ್ಟು ಏರಿಸಿದಳು, ಮತ್ತೆ ಅಷ್ಟು, ಮತ್ತೆ ಅಷ್ಟು. ಕತ್ತಲೆಯಿಂದ ಮೊದಲು ಅಗುಳಿ ಹಿಡಿದ ಒಂದು ಕೈ ಬೆಳ್ಳಗೆ ಮೂಡಿತು. ಆಮೇಲೆ ಮಡಚಿದ ತೋಳು. ಆಮೇಲೆ ಒಂದು ಭುಜ, ಎಡಕ್ಕೆ ಸ್ವಲ್ಪ ಇಳಿದದ್ದು.

ಕತ್ತಿನ ಮೇಲೆ ಇನ್ನೂ ಬೆಳಕು ಬಿದ್ದಿರಲಿಲ್ಲ. ಸೊಸೆಯ ಬೆರಳು ನಿಲ್ಲಲಿಲ್ಲ.

"ಅತ್ತೆ," ಎಂದಳು, ತಿರುಗದೆ. "ನೀವು ಕಣ್ಣು ಮುಚ್ಕೊಳ್ಳಿ. ನಾನು ಹೆಂಡತಿ, ನೋಡ್ತೀನಿ. ನೀವು ಹೆತ್ತೋರು."

ಪೊಲೀಸಮ್ಮ ಮೇಷ್ಟ್ರ ಕೈ ಬಿಟ್ಟು, ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

"ಏರಿಸು," ಎಂದರು.